ನೀಲಿ ಪೆಟ್ಟಿಗೆಯಿಂದ ಯಾರು ಹೊರಬರಬಹುದು?

ಬ್ರಿಟನ್ನಿನ ಜನ ಅರವತ್ತು ವರ್ಷಗಳಿಂದ ಬಿಡದೆ ಚರ್ಚಿಸುತ್ತಿರುವ ಒಂದು ವಿಚಿತ್ರ ಪ್ರಶ್ನೆಯಿದೆ. ಪರಗ್ರಹದ ಜೀವಿಯೊಂದಕ್ಕೆ ಎದೆಯಲ್ಲಿ ಎರಡು ಹೃದಯಗಳಿವೆ. ಸಾಯುವ ಹೊತ್ತಿಗೆ ಅದು ಮೈ ಬದಲಿಸಿ ಹೊಸಬನಾಗಿ ಎದ್ದು ಕೂರುತ್ತದೆ. ಹೊರಗಿನಿಂದ ಕಿರಿದಾಗಿ, ಒಳಗೆ ಅರಮನೆಯಷ್ಟು ವಿಶಾಲವಾಗಿರುವ ಒಂದು ನೀಲಿ ಪೊಲೀಸ್ ಪೆಟ್ಟಿಗೆಯಲ್ಲಿ ಕುಳಿತು ಕಾಲದ ಉದ್ದಗಲಕ್ಕೂ ಓಡಾಡುತ್ತದೆ. ಈ ಜೀವಿಯ ಪಾತ್ರವನ್ನು ಯಾರು ಮಾಡಿದರೆ ನಂಬಬಹುದು, ಯಾರು ಮಾಡಿದರೆ ನಂಬಲಾಗುವುದಿಲ್ಲ?

ನಾನು ಹೇಳುತ್ತಿರುವುದು ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ಬಗ್ಗೆ. 1963ರಲ್ಲಿ ಶುರುವಾಗಿ, 1989ರಲ್ಲಿ ನಿಂತುಹೋಗಿ, 1996ರಲ್ಲಿ ಒಂದು ಟಿವಿ ಚಿತ್ರವಾಗಿ ಇಣುಕಿ, 2005ರಲ್ಲಿ ಹೊಸದಾಗಿ ಹುಟ್ಟಿಬಂದ ವಿಜ್ಞಾನ ಕಥನ ಇದು. ಡಾಕ್ಟರ್ ಎಂಬುದು ನಾಯಕ ತಾನೇ ಇಟ್ಟುಕೊಂಡ ಹೆಸರು, ಅವನು ವೈದ್ಯನಲ್ಲ. ಊರಿನಲ್ಲಿ ಇದನ್ನು ಬಲ್ಲವರು ಕಡಿಮೆ. ಇಲ್ಲಿ ಮಾತ್ರ ಅಜ್ಜ, ಮಗ, ಮೊಮ್ಮಗಳು ಮೂವರಿಗೂ ತಮ್ಮ ತಮ್ಮ ಕಾಲದ ಒಬ್ಬೊಬ್ಬ ಡಾಕ್ಟರ್ ಇದ್ದಾನೆ, ಮತ್ತು ಅವನೇ ನಿಜವಾದ ಡಾಕ್ಟರ್ ಎಂಬ ಹಟವೂ ಇದೆ.

ನಾನು ಈ ದೇಶಕ್ಕೆ ಬಂದದ್ದು 2004ರ ಕೊನೆಯಲ್ಲಿ. ಹೀಗಾಗಿ ಹೊಸ ಸರಣಿಯನ್ನು ಮೊದಲ ಕಂತಿನಿಂದ ನೋಡಿದ್ದೇನೆ. ಹಳೆಯದನ್ನು ಆಮೇಲೆ ಡಿವಿಡಿಗಳಲ್ಲಿ ಹುಡುಕಿ ನೋಡಿದೆ. ಕತೆಯಷ್ಟೇ ನನ್ನನ್ನು ಹಿಡಿದು ಕೂರಿಸಿದ್ದು ನೋಡುಗರ ಜಗಳ. ಆ ಜಗಳಕ್ಕೂ ಒಂದು ಇತಿಹಾಸವಿದೆ. ‘ನಂಬಲಾಗುವುದಿಲ್ಲ’ ಎಂಬ ಒಂದೇ ಮಾತು ಈ ಅರವತ್ತು ವರ್ಷಗಳಲ್ಲಿ ಎಷ್ಟು ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಾಗಿದೆ ಎಂದು ನೋಡುತ್ತ ಹೋದರೆ, ಅದು ಈ ದೇಶ ಯಾರನ್ನು ತನ್ನವರೆಂದು ನಂಬಲು ಕಲಿಯಿತು ಎಂಬುದರ ಇತಿಹಾಸವೂ ಆಗುತ್ತದೆ. ವಲಸೆ ಬಂದ ನಮ್ಮಂಥವರಿಗೆ ಇದು ಬರೀ ಮನರಂಜನೆಯ ಮಾತಲ್ಲ.

ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿ ಒಂದು ದಿನ ಕಳೆದಿತ್ತಷ್ಟೆ. ಸುದ್ದಿಯ ಗದ್ದಲದಲ್ಲಿ ಬಹಳ ಜನ ನೋಡಲಿಲ್ಲವೆಂದು ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಮತ್ತೊಮ್ಮೆ ತೋರಿಸಿದರು. ಈ ಅಪ್ಪಟ ಬ್ರಿಟಿಷ್ ಸರಣಿಯನ್ನು ಕಟ್ಟಿದವರು ಯಾರು? ಯೋಜನೆಗೆ ಚಾಲನೆ ಕೊಟ್ಟ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಕೆನಡಾದವರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಬಿಬಿಸಿಯ ನಾಟಕ ವಿಭಾಗದಲ್ಲಿ ಆಗ ಆ ಹುದ್ದೆಯಲ್ಲಿದ್ದ ಒಬ್ಬಳೇ ಹೆಂಗಸು. ಮೊದಲ ಕಂತುಗಳ ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ಲಖನೌದಲ್ಲಿ ಹುಟ್ಟಿದವರು, ಕಾದಂಬರಿಗಾರ್ತಿ ಅಟಿಯಾ ಹುಸೇನ್ ಅವರ ಮಗ. ಬಾಲ್ಯದಲ್ಲಿ ಇಂಗ್ಲೆಂಡಿಗೆ ಬಂದು, ಕೇಂಬ್ರಿಜಿನಲ್ಲಿ ಓದಿ, ಆಗಿನ್ನೂ 24 ದಾಟದ ಹುಡುಗ. ಪರದೆಯ ಮೇಲೆ ಡಾಕ್ಟರಾಗಿ ವಿಲಿಯಂ ಹಾರ್ಟ್‌ನೆಲ್ ಎಂಬ ಬಿಳಿಗೂದಲಿನ, ಸಿಡುಕಿನ ಮುದುಕ. ಪರದೆಯ ಹಿಂದೆ ಒಬ್ಬ ಕೆನಡಾದವ, ಒಬ್ಬ ಯೆಹೂದಿ ಯುವತಿ, ಒಬ್ಬ ಭಾರತೀಯ. ಮುಂದೆ ‘ಸರಣಿಯ ಮೂಲ ಸ್ವರೂಪ ಕೆಡುತ್ತಿದೆ’ ಎಂದು ಕೊರಗಿದವರೆಲ್ಲ ಈ ಮೂಲವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮೂರು ವರ್ಷ ಕಳೆಯುವಷ್ಟರಲ್ಲಿ ಹಾರ್ಟ್‌ನೆಲ್ ಆರೋಗ್ಯ ಕೈಕೊಟ್ಟಿತು. ಸರಣಿಯೋ ಜನಪ್ರಿಯ, ನಿಲ್ಲಿಸಲು ಬಿಬಿಸಿಗೆ ಮನಸ್ಸಿಲ್ಲ. ಪರಗ್ರಹದ ಜೀವಿ ತಾನೆ, ಮೈ ಬದಲಿಸಿದರಾಯಿತು ಎಂದು ಬರಹಗಾರರು ಉಪಾಯ ಹುಡುಕಿದರು. 1966ರ ಅಕ್ಟೋಬರ್ 29ರಂದು ಹಾರ್ಟ್‌ನೆಲ್ ನೆಲಕ್ಕೆ ಬಿದ್ದು, ಬೆಳಕು ಮೂಡಿ, ಪ್ಯಾಟ್ರಿಕ್ ಟ್ರೌಟನ್ ಎದ್ದರು. ನೋಡಲು ಬೇರೆ, ಮಾತಿನ ಧಾಟಿ ಬೇರೆ, ಸ್ವಭಾವವೂ ಬೇರೆ. ಬಿಬಿಸಿ ಆಗ ನಡೆಸಿದ ವೀಕ್ಷಕರ ಸಮೀಕ್ಷೆಯಲ್ಲಿ ಅನೇಕರು ಗೊಣಗಿದರು: ಗಂಭೀರ ಮುದುಕನ ಜಾಗದಲ್ಲಿ ಈ ವಿದೂಷಕ ಯಾಕೆ, ಇವನು ಡಾಕ್ಟರ್ ಎಂದು ನಂಬುವುದು ಹೇಗೆ?

ನಂಬಲಾಗುವುದಿಲ್ಲ ಎಂಬ ದೂರಿನ ಮೊದಲ ಅವತಾರ ಇದು. ಆಗಿನ ನೋಡುಗರ ಮೇಲೆ ನನಗೆ ಸಹಾನುಭೂತಿಯಿದೆ. ಅಂಥದ್ದನ್ನು ಅವರು ಹಿಂದೆ ಎಲ್ಲಿಯೂ ನೋಡಿರಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಟ್ರೌಟನ್ ಎಲ್ಲರ ಅಚ್ಚುಮೆಚ್ಚಾದರು. 1970ರಲ್ಲಿ ಜಾನ್ ಪರ್ಟ್ವೀ, 1974ರಲ್ಲಿ ಟಾಮ್ ಬೇಕರ್ ಬಂದರು. ಹೀಗೆ ಮೈ ಬದಲಿಸುವುದಕ್ಕೆ ‘ರೀಜನರೇಶನ್’, ಅಂದರೆ ಪುನರ್ಜನನ, ಎಂಬ ಹೆಸರು ಸಿಕ್ಕಿದ್ದೇ 1974ರಲ್ಲಿ. ಹನ್ನೆರಡು ಸಲ ಮಾತ್ರ ಹೀಗೆ ಬದಲಾಗಬಹುದೆಂಬ ಮಿತಿಯನ್ನು 1976ರಲ್ಲಿ ಸೇರಿಸಿದರು. ಅದೇ ವರ್ಷದ ಇನ್ನೊಂದು ಕತೆಯಲ್ಲಿ ಹಾರ್ಟ್‌ನೆಲ್‌ಗೂ ಮೊದಲಿನವೆಂದು ತೋರುವ ಕೆಲವು ಮುಖಗಳು ಪರದೆಯ ಮೇಲೆ ಹಾದುಹೋದವು. ಅವು ಸರಣಿಯ ಬರಹಗಾರ, ನಿರ್ಮಾಪಕ ಮುಂತಾದವರ ವೇಷ ಹಾಕಿದ ಫೋಟೋಗಳೇ. ನಿಯಮಗಳು ಹೀಗೆ ಬೇಕಾದಾಗ ಹುಟ್ಟಿದವು, ಬೇಡವಾದಾಗ ಮರೆತುಹೋದವು. ಮುಂದೆ ಯಾರಾದರೂ ನಿಯಮದ ಪುಸ್ತಕ ತೆರೆದು ‘ಇದು ಸಾಧ್ಯವಿಲ್ಲ’ ಎಂದಾಗ ಆ ಪುಸ್ತಕವನ್ನು ಯಾರು ಯಾವ ಅವಸರದಲ್ಲಿ ಬರೆದರು ಎಂಬುದು ತಿಳಿದಿರಬೇಕು.

ಹಳೆಯ ಸರಣಿಯ ಬಜೆಟ್ ಬಡವರ ಮದುವೆಯಂತೆ. 1975ರ ಒಂದು ಕತೆಯಲ್ಲಿ ಮನುಷ್ಯನ ಕೈ ಕೀಟದ ಕೈಯಾಗಿ ಮಾರ್ಪಡುವ ಭಯಾನಕ ದೃಶ್ಯವಿದೆ. ಗಾಜಿನ ಸಾಮಾನು ಸುತ್ತಲು ಬಳಸುವ ಗುಳ್ಳೆ ಪ್ಲಾಸ್ಟಿಕ್ಕಿಗೆ ಹಸಿರು ಬಣ್ಣ ಬಳಿದು ಅದನ್ನು ಮಾಡಿದ್ದರು. ಡಾಕ್ಟರನ ಬದ್ಧ ವೈರಿಗಳಾದ ಡೇಲೆಕ್‌ಗಳು ವಿಶ್ವವನ್ನೇ ಗೆಲ್ಲಲು ಹೊರಟವು, ಆದರೆ ಮೆಟ್ಟಿಲು ಹತ್ತಲಾರವು ಎಂಬುದು ದೇಶದ ತಮಾಷೆಯಾಗಿತ್ತು. 1988ರಲ್ಲಿ ಕೊನೆಗೂ ಒಂದು ಡೇಲೆಕ್ ಮೆಟ್ಟಿಲ ಮೇಲೆ ತೇಲುತ್ತ ಏರಿತು. ಅಲ್ಲಿಯವರೆಗಿನ ಇಪ್ಪತ್ತೈದು ವರ್ಷ ಮಕ್ಕಳು ಹೆದರಿ ಸೋಫಾದ ಹಿಂದೆ ಅಡಗುವುದನ್ನು ನಿಲ್ಲಿಸಿರಲಿಲ್ಲ. ಅಂದರೆ ನೋಡುಗರಿಗೆ ನಂಬುವ ಶಕ್ತಿಯ ಕೊರತೆ ಎಂದೂ ಇರಲಿಲ್ಲ.

ನಾನು ಕರಾವಳಿಯಲ್ಲಿ ಯಕ್ಷಗಾನ ನೋಡುತ್ತ ಬೆಳೆದ ಜೀವ. ನನಗೆ ಇದು ಹೊಸದೆನಿಸಲಿಲ್ಲ. ಗಂಡಸು ದಾಕ್ಷಾಯಿಣಿಯಾಗಿ ಬಂದು ತಂದೆಯ ಮುಂದೆ ನಿಂತರೆ ಬಯಲಲ್ಲಿ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಂಬಿಕೆ ಹುಟ್ಟುವುದು ಹೋಲಿಕೆಯಿಂದಲ್ಲ, ರೂಢಿಯಿಂದ ಮತ್ತು ಒಪ್ಪಂದದಿಂದ ಎಂಬುದು ನಮಗೆ ಗೊತ್ತು. ಆದರೆ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿ ಗಂಡುವೇಷಕ್ಕೆ ಇಳಿದಾಗ, ಅದೇ ಬಯಲಿನಲ್ಲಿ ‘ಇವರ ದನಿ ಸಾಲದು, ನಂಬುವ ಹಾಗಿಲ್ಲ’ ಎಂಬ ಮಾತೂ ಎದ್ದಿತು. ರೂಢಿ ಬಾಗಿಲನ್ನು ತೆರೆಯುತ್ತದೆ. ಅದೇ ರೂಢಿ ಬಾಗಿಲಲ್ಲಿ ಕಾವಲು ನಿಲ್ಲುತ್ತದೆ. ಇದು ಬ್ರಿಟನ್ನಿನದ್ದೇ ಕಾಯಿಲೆಯೇನಲ್ಲ.

ಇಲ್ಲಿಯ ರೂಢಿ ಹೇಗಿತ್ತು? 1964ರಲ್ಲಿ ಇದೇ ಸರಣಿಯಲ್ಲಿ ಮಾರ್ಕೋ ಪೋಲೋ ಕತೆ ಬಂತು. ಬಹುಪಾಲು ಕಂತುಗಳನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್. ಅದರಲ್ಲಿ ಕುಬ್ಲಾಯ್ ಖಾನನಾಗಿ ಬಂದದ್ದು ಮಧ್ಯ ಯುರೋಪಿನ ಮೂಲದ ನಟ ಮಾರ್ಟಿನ್ ಮಿಲ್ಲರ್. ಮಂಗೋಲ್ ಸೇನಾನಿಯಾಗಿ ಲಂಡನ್ನಿನ ಬಿಳಿಯ ನಟ. ಭಾರತೀಯ ನಿರ್ದೇಶಕನೊಬ್ಬನ ಕೈಯಲ್ಲೇ ಹೀಗಾಯಿತೆಂದರೆ ಆ ಕಾಲದ ರಂಗಪದ್ಧತಿ ಎಷ್ಟು ಗಟ್ಟಿಯಾಗಿತ್ತೆಂದು ಊಹಿಸಬಹುದು. 1977ರ ‘ದ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ನಲ್ಲಿ ಚೀನೀ ಜಾದೂಗಾರನ ಮುಖ್ಯ ಪಾತ್ರವನ್ನು ಜಾನ್ ಬೆನೆಟ್ ಎಂಬ ಬಿಳಿಯ ನಟ ಕಣ್ಣಿಗೆ ಮೇಣ ಅಂಟಿಸಿಕೊಂಡಂಥ ಮೇಕಪ್ಪಿನಲ್ಲಿ ಮಾಡಿದರು. ಬ್ರಿಟನ್ನಿನ ಅಭಿಮಾನಿಗಳು ಬಹುಕಾಲ ಅದನ್ನು ಅತ್ಯುತ್ತಮ ಕತೆಗಳ ಪಟ್ಟಿಯಲ್ಲಿ ಇಟ್ಟಿದ್ದರು. ಕೆನಡಾದಲ್ಲಿ ಮಾತ್ರ ಚೀನೀ ಮೂಲದವರು ಆಕ್ಷೇಪವೆತ್ತಿದ್ದರಿಂದ ಟಿವಿ ಒಂಟಾರಿಯೋ ಅದನ್ನು ಪ್ರಸಾರ ಮಾಡಲಿಲ್ಲ. ಯಾರ ಮುಖವನ್ನು ಎರವಲು ಪಡೆಯಲಾಗಿತ್ತೋ ಅವರಿಗೆ ಮೊದಲು ಕಂಡದ್ದು ಉಳಿದವರಿಗೆ ಕಾಣಲು ದಶಕಗಳೇ ಬೇಕಾದವು.

ಎಂಬತ್ತರ ದಶಕದಲ್ಲಿ ಎರಡು ಘಟನೆಗಳು ನಡೆದವು. ಎರಡೂ 1986ರದ್ದು. ಸರಣಿಯ ಜನಪ್ರಿಯತೆ ಕುಸಿಯುತ್ತಿದ್ದಾಗ ಬಿಬಿಸಿಯ ಮೈಕಲ್ ಗ್ರೇಡ್ ಅವರಿಗೆ ಸಿಡ್ನಿ ನ್ಯೂಮನ್ ಒಂದು ಪತ್ರ ಬರೆದು, ಡಾಕ್ಟರನ್ನು ಹೆಣ್ಣಾಗಿ ಮಾರ್ಪಡಿಸಬೇಕೆಂದು ಸೂಚಿಸಿದರು. ಸರಣಿಯನ್ನು ಹುಟ್ಟುಹಾಕಿದವರಿಗೇ ಅದು ನಂಬಲಾಗದ ಸಂಗತಿಯಾಗಿ ತೋರಿರಲಿಲ್ಲ. ಪತ್ರ ಕಡತ ಸೇರಿತು. ಅದೇ ಚಳಿಗಾಲದಲ್ಲಿ ಬಿಬಿಸಿಯ ‘ಓಪನ್ ಏರ್’ ಕಾರ್ಯಕ್ರಮಕ್ಕೆ ಕೆಲವು ಅಭಿಮಾನಿಗಳನ್ನು ಕರೆದಿದ್ದರು. ಅವರಲ್ಲಿ 16 ವರ್ಷದ ಹುಡುಗನೊಬ್ಬ ಬರಹಗಾರರಾದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗೆ ನಿಮ್ಮ ಕತೆ ಸವಕಲಾಗಿದೆ ಎಂದು ನೇರವಾಗಿ ಹೇಳಿದ. ಹುಡುಗನ ಹೆಸರು ಕ್ರಿಸ್ ಚಿಬ್ನಲ್. ಮೂವತ್ತು ವರ್ಷಗಳ ನಂತರ ಸರಣಿಯ ಹೊಣೆ ಹೊತ್ತು, ಮೊದಲ ಹೆಣ್ಣು ಡಾಕ್ಟರನ್ನು ಆಯ್ಕೆ ಮಾಡಿದ್ದು ಇದೇ ಚಿಬ್ನಲ್. 1974ರಲ್ಲಿ 15 ವರ್ಷದ ಹುಡುಗನಾಗಿ ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಅಭಿಮಾನದ ಪತ್ರ ಬರೆದಿದ್ದ ಪೀಟರ್ ಕಪಾಲ್ಡಿ 2013ರಲ್ಲಿ ಹನ್ನೆರಡನೆಯ ಡಾಕ್ಟರಾಗಿ ಆಯ್ಕೆಯಾದರು. ಹೊಸ ಸರಣಿಯನ್ನು ಕಟ್ಟಿದ ರಸಲ್ ಟಿ. ಡೇವಿಸ್, ಅವರ ನಂತರ ಬಂದ ಸ್ಟೀವನ್ ಮೊಫಾಟ್ ಇಬ್ಬರೂ ಚಿಕ್ಕಂದಿನಿಂದ ಇದರ ಹುಚ್ಚು ಹಿಡಿಸಿಕೊಂಡವರೇ. ನೋಡುಗರ ಜಗಳವೇ ಮುಂದೆ ಸರಣಿಯ ಸಂಭಾಷಣೆಯಾಯಿತು ಎಂದರೆ ತಪ್ಪಾಗದು.

2005ರ ಮಾರ್ಚ್ 26ರಂದು ಹೊಸ ಸರಣಿ ಶುರುವಾಯಿತು. ನಿರ್ಮಾಣ ವೇಲ್ಸಿನ ಕಾರ್ಡಿಫ್ ನಗರದಲ್ಲಿ. ಅದಕ್ಕೂ ಮೊದಲು ಕೇಳಿಬಂದ ಆಕ್ಷೇಪಗಳು ಇಂದು ನಗು ತರಿಸುತ್ತವೆ. ನಾಯಕ ಕ್ರಿಸ್ಟಫರ್ ಎಕಲ್‌ಸ್ಟನ್ ಚರ್ಮದ ಜಾಕೆಟ್ ತೊಟ್ಟು ಉತ್ತರ ಇಂಗ್ಲೆಂಡಿನ ಉಚ್ಚಾರಣೆಯಲ್ಲಿ ಮಾತಾಡುತ್ತಾನೆ. ಪರಗ್ರಹದವನು ಸಾಲ್ಫರ್ಡಿನವನಂತೆ ಮಾತಾಡಿದರೆ ನಂಬುವುದುಂಟೇ? ಅದಕ್ಕೆ ಕತೆಯೊಳಗೇ ಡಾಕ್ಟರ್ ಉತ್ತರ ಕೊಟ್ಟ: ಉತ್ತರ ದಿಕ್ಕು ಎಲ್ಲ ಗ್ರಹಗಳಿಗೂ ಇರುತ್ತದಲ್ಲ! ಪರಗ್ರಹದವನು ರಾಣಿಯ ಇಂಗ್ಲಿಷ್ ಮಾತಾಡಿದಾಗ ಯಾರಿಗೂ ಪ್ರಶ್ನೆ ಹುಟ್ಟಿರಲಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಸಹನಟಿ ಬಿಲ್ಲಿ ಪೈಪರ್ ಹದಿಹರೆಯದಲ್ಲಿ ಪಾಪ್ ಗಾಯಕಿಯಾಗಿದ್ದವಳು, ಅವಳೇನು ನಟಿಸುತ್ತಾಳೆ ಎಂದರು. ಮೊದಲ ಕಂತನ್ನು 1.08 ಕೋಟಿ ಜನ ನೋಡಿದರು. ಒಂದೆರಡು ವರ್ಷದಲ್ಲಿ ಅವಳು ಬಿಟ್ಟುಹೋದಾಗ, ಅವಳ ಜಾಗಕ್ಕೆ ಬಂದವರನ್ನು ಅವಳಿಗೇ ಹೋಲಿಸಿ ತೆಗಳಿದರು. ನಿನ್ನೆ ನಂಬಲಾಗದವಳು ಇಂದು ಅಳತೆಗೋಲು. ಈ ಸರಣಿಯ ಜಗಳಗಳಲ್ಲಿ ಇದು ತಪ್ಪದೆ ನಡೆಯುವ ಪದ್ಧತಿ.

ಹಾಗೆ ಬಂದವಳು ಮಾರ್ಥಾ ಜೋನ್ಸ್, 2007ರಲ್ಲಿ. ವೈದ್ಯ ವಿದ್ಯಾರ್ಥಿನಿ; ಪಾತ್ರ ಮಾಡಿದವರು ಕಪ್ಪು ವರ್ಣದ ಫ್ರೀಮಾ ಅಜೆಮನ್. ಶೇಕ್ಸ್‌ಪಿಯರ್ ಕಾಲದ ಲಂಡನ್ನಿಗೆ ಹೋದಾಗ ಅವಳು ನನ್ನನ್ನು ಗುಲಾಮಳೆಂದು ಹಿಡಿದೊಯ್ಯುವರೇ ಎಂದು ಕೇಳುತ್ತಾಳೆ. ಊರೆಲ್ಲ ನಿನ್ನದೇ ಎಂಬಂತೆ ನಡೆ, ನಾನು ಹಾಗೇ ಮಾಡುವುದು ಎಂದು ಡಾಕ್ಟರ್ ಹಗುರಾಗಿ ಹೇಳಿಬಿಡುತ್ತಾನೆ. ಬಿಳಿಯನಿಗೆ ಅದು ಸುಲಭ ಎಂದು ಆಗಲೇ ಅನೇಕರು ಬೊಟ್ಟುಮಾಡಿದರು. ಅದೇ ವರ್ಷ ಕೆಲವು ವಾರಗಳ ನಂತರ 1913ರ ಶಾಲೆಯೊಂದರ ಕತೆ ಬಂತು. ಅಲ್ಲಿ ಮಾರ್ಥಾ ಕೆಲಸದವಳಾಗಿ ಅಡಗಿರಬೇಕು. ತಾನು ವೈದ್ಯಕೀಯ ಓದುತ್ತಿದ್ದೇನೆ ಎಂದಾಗ ಶಾಲೆಯ ನರ್ಸ್ ನಂಬುವುದಿಲ್ಲ, ಅವಳ ಬಣ್ಣವನ್ನೇ ಕಾರಣವಾಗಿ ಹೇಳುತ್ತಾಳೆ. ಮಾರ್ಥಾ ತನ್ನ ಕೈಯನ್ನು ಮುಂದೆ ಹಿಡಿದು ಒಂದೊಂದೇ ಮೂಳೆಯ ಹೆಸರು ಹೇಳುತ್ತ ಹೋಗುತ್ತಾಳೆ. ಹೊಸ ಸರಣಿಯಲ್ಲಿ ನನಗೆ ಅತಿ ಹೆಚ್ಚು ನೆನಪಿರುವ ದೃಶ್ಯ ಇದು. ಇದರಲ್ಲಿ ಒಂದೂ ರಾಕ್ಷಸನಿಲ್ಲ, ಯಂತ್ರವಿಲ್ಲ.

ನೆನಪಿರುವುದಕ್ಕೆ ಕಾರಣವಿದೆ. ನನ್ನ ಗೆಳೆಯರೊಬ್ಬರು ಮೈಸೂರು ಕಡೆಯವರು, ಇಲ್ಲಿನ ಒಂದು ಸಣ್ಣ ಊರಿನಲ್ಲಿ ಇಪ್ಪತ್ತು ವರ್ಷ ವೈದ್ಯರಾಗಿದ್ದವರು. ಕಾಲೇಜಿನಲ್ಲಿ ನಾಟಕದ ಗೀಳು ಇದ್ದವರಾದ್ದರಿಂದ ಊರಿನ ಹವ್ಯಾಸಿ ತಂಡವೊಂದನ್ನು ಸೇರಿದರು. ತಂಡ ಎತ್ತಿಕೊಂಡದ್ದು ಐವತ್ತರ ದಶಕದ ಒಂದು ಇಂಗ್ಲಿಷ್ ನಾಟಕ. ಅದರಲ್ಲೊಬ್ಬ ಊರ ವೈದ್ಯ. ಹತ್ತು ನಿಮಿಷದ ಪಾತ್ರ. ಇವರು ಕೇಳಿದರು. ಬಹಳ ಸೌಜನ್ಯದಿಂದಲೇ ಉತ್ತರ ಬಂತು: ನಿಮ್ಮ ಅಭಿನಯ ಚೆನ್ನಾಗಿದೆ, ಆದರೆ ನೀವು ಈ ಊರಿನ ಡಾಕ್ಟರ್ ಎಂದು ಪ್ರೇಕ್ಷಕರು ನಂಬುವುದಿಲ್ಲ. ಪ್ರೇಕ್ಷಕರಲ್ಲಿ ಅರ್ಧಕ್ಕರ್ಧ ಜನ ಅವರ ಬಳಿಯೇ ರಕ್ತದೊತ್ತಡಕ್ಕೆ ಔಷಧಿ ಬರೆಸಿಕೊಳ್ಳುವವರು! ಗೆಳೆಯರು ಇದನ್ನು ನಗುತ್ತಲೇ ಹೇಳುತ್ತಾರೆ. ಆದರೆ ಆ ತಂಡಕ್ಕೆ ಮತ್ತೆ ಹೋಗಲಿಲ್ಲ. ಅರವತ್ತರ ದಶಕದಿಂದಲೇ ಈ ದೇಶದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಎತ್ತಿಹಿಡಿದವರಲ್ಲಿ ನಮ್ಮ ಉಪಖಂಡದ ಸಾವಿರಾರು ವೈದ್ಯರಿದ್ದಾರೆ. ಆಸ್ಪತ್ರೆಯಲ್ಲಿ ನಂಬಬಹುದಾದ ಮುಖ ರಂಗದ ಮೇಲೆ ನಂಬಲಾಗದ್ದು ಹೇಗಾಯಿತು? ಪರದೆ, ರಂಗಗಳಲ್ಲಿ ಅಂಥ ಮುಖವನ್ನು ನೋಡಿ ರೂಢಿಯಿಲ್ಲ, ಅಷ್ಟೆ. ರೂಢಿ ಮಾಡಿಸುವವರು ಯಾರು ಎಂಬುದೇ ಪ್ರಶ್ನೆ.

2017ರ ಜುಲೈ 16ರಂದು, ವಿಂಬಲ್ಡನ್ ಪುರುಷರ ಫೈನಲ್ ಮುಗಿದ ಮೇಲೆ, ಜೋಡಿ ವಿಟ್ಟೇಕರ್ ಮುಂದಿನ ಡಾಕ್ಟರ್ ಎಂದು ಬಿಬಿಸಿ ಪ್ರಕಟಿಸಿತು. ಅಂದಿನಿಂದ ನಡೆದ ಜಗಳ ಹಿಂದಿನ ಎಲ್ಲವನ್ನೂ ಮೀರಿಸಿತು. ದೂರುಗಳು ಎಷ್ಟು ಬಂದವೆಂದರೆ ಬಿಬಿಸಿ ಸಮರ್ಥನೆಯ ಹೇಳಿಕೆಯನ್ನೇ ಕೊಡಬೇಕಾಯಿತು. ಮಾಜಿ ಡಾಕ್ಟರುಗಳೇ ಎರಡು ಪಕ್ಷವಾದರು. ಹುಡುಗರಿಗೆ ಹೊಡೆದಾಟವಿಲ್ಲದ ಒಬ್ಬ ಆದರ್ಶ ನಾಯಕನಿದ್ದ, ಅವನು ಕೈತಪ್ಪಿದ ಎಂಬರ್ಥದಲ್ಲಿ ಪೀಟರ್ ಡೇವಿಸನ್ ಮಾತಾಡಿದರು. ಹುಡುಗಿಯರಿಗೆ ಇಷ್ಟು ವರ್ಷ ಅಂಥ ನಾಯಕಿ ಇರಲಿಲ್ಲವಲ್ಲ, ಆದರ್ಶಕ್ಕೆ ಲಿಂಗ ಯಾಕೆ ಎಂದು ಕಾಲಿನ್ ಬೇಕರ್ ಮರುನುಡಿದರು. ಡೇವಿಸನ್ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬಂದೂಕು ಹಿಡಿಯದೆ ಬುದ್ಧಿಯಿಂದ ಗೆಲ್ಲುವ ಗಂಡು ನಾಯಕರು ಟಿವಿಯಲ್ಲಿ ನಿಜಕ್ಕೂ ವಿರಳ. ಆದರೆ ಹೆಚ್ಚಿನವರ ದೂರು ಅದಾಗಿರಲಿಲ್ಲ. ‘ಇದು ನಂಬುವ ಹಾಗಿಲ್ಲ’ ಎಂಬುದೇ ಅವರ ದೂರು. ಹಸಿರು ಬಣ್ಣದ ಗುಳ್ಳೆ ಪ್ಲಾಸ್ಟಿಕ್ಕನ್ನು ನಂಬಿದ್ದವರು, ತಲೆಯಿಂದ ಕಾಲಿನವರೆಗೆ ಪ್ರತಿ ಕಣವೂ ಬದಲಾಗುವ ಜೀವಿ ಹೆಣ್ಣಾಗುವುದನ್ನು ನಂಬಲಾರದೆ ಹೋದರು. ಅಷ್ಟರಲ್ಲಿ ಡಾಕ್ಟರನ ಹಳೆಯ ಶತ್ರು ಮಾಸ್ಟರ್ 2014ರಲ್ಲೇ ಮಿಶೆಲ್ ಗೋಮೆಜ್ ರೂಪದಲ್ಲಿ ಹೆಣ್ಣಾಗಿ ಬಂದು ಜನಪ್ರಿಯಳಾಗಿದ್ದಳು. ಖಳ ಹೆಣ್ಣಾದರೆ ಅಡ್ಡಿಯಿಲ್ಲ, ನಾಯಕ ಆಗಬಾರದು!

2018ರ ಅಕ್ಟೋಬರ್ 7ರ ಮೊದಲ ಕಂತನ್ನು ಸುಮಾರು 1.09 ಕೋಟಿ ಜನ ನೋಡಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿತ್ತು. ವಿರೋಧಿಗಳು ಇದನ್ನೇ ಸಾಕ್ಷಿಯಾಗಿ ಹಿಡಿದರು. ಆದರೆ ವಿಟ್ಟೇಕರ್ ಆಯ್ಕೆಯನ್ನು ಸಂತೋಷದಿಂದ ಒಪ್ಪಿದ ಎಷ್ಟೋ ಜನಕ್ಕೂ ಕತೆಗಳು ಸಪ್ಪೆಯೆನಿಸಿದ್ದವು. ಅವರ ಸ್ಥಿತಿ ಇಕ್ಕಟ್ಟಿನದು. ಸಂಭಾಷಣೆ ಚೆನ್ನಾಗಿಲ್ಲ ಎಂದರೆ ಹೆಣ್ಣು ಡಾಕ್ಟರ್ ವಿರೋಧಿ ಎನ್ನಿಸಿಕೊಳ್ಳಬೇಕು, ಸುಮ್ಮನಿದ್ದರೆ ತಮಗೆ ಸುಳ್ಳು ಹೇಳಿಕೊಂಡಂತೆ. ಜಗಳ ಜೋರಾದಾಗ ಮೊದಲು ಸಾಯುವುದು ವಿಮರ್ಶೆ.

ಆ ವರ್ಷವೇ ನಮ್ಮ ಪಾಲಿಗೆ ಮುಖ್ಯವಾದ ಒಂದು ಕಂತು ಬಂತು. ನವೆಂಬರ್ 11ರ ‘ಡೀಮನ್ಸ್ ಆಫ್ ದ ಪಂಜಾಬ್’. ಬರೆದವರು ವಿನಯ್ ಪಟೇಲ್. ಡಾಕ್ಟರನ ಜೊತೆಗಾತಿ ಯಾಸ್ಮಿನ್ ಖಾನ್, ಅಂದರೆ ನಟಿ ಮನ್‌ದೀಪ್ ಗಿಲ್, ತನ್ನ ಅಜ್ಜಿಯ ಯೌವನದ ದಿನಗಳಿಗೆ, 1947ರ ಆಗಸ್ಟಿಗೆ ಹೋಗುತ್ತಾಳೆ. ಹಿಂದೂ ಗಂಡು, ಮುಸ್ಲಿಂ ಹೆಣ್ಣು; ನಡುವೆ ದೇಶವೇ ಸೀಳುವ ಹೊತ್ತು. ಚಿತ್ರೀಕರಣ ನಡೆದದ್ದು ಸ್ಪೇನಿನಲ್ಲಿ. ಆದರೂ ಅದು ನಂಬುವಂತಿತ್ತು, ಏಕೆಂದರೆ ಕೊಲೆಗಾರರು ಪರಗ್ರಹದವರಲ್ಲ, ಮನೆಯವರೇ ಎಂಬ ಸತ್ಯವನ್ನು ಅದು ಮುಚ್ಚಿಡಲಿಲ್ಲ. ಮರುದಿನ ಕಚೇರಿಯ ಊಟದ ಕೋಣೆಯಲ್ಲಿ ಇಂಗ್ಲಿಷ್ ಸಹೋದ್ಯೋಗಿಯೊಬ್ಬರು ‘ಇದೆಲ್ಲ ನಿಜವಾಗಿ ನಡೆದದ್ದೇ, ನಮ್ಮ ಶಾಲೆಯಲ್ಲಿ ಯಾಕೆ ಹೇಳಲಿಲ್ಲ’ ಎಂದು ಕೇಳಿದರು. ಹದಿಮೂರು ವರ್ಷ ಜೊತೆಯಲ್ಲಿ ಊಟ ಮಾಡಿದ್ದರೂ ನಮ್ಮಿಬ್ಬರ ನಡುವೆ ಆ ಮಾತು ಬಂದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 2020ರ ಜನವರಿಯಲ್ಲಿ ಬಂದ ‘ಸ್ಪೈಫಾಲ್’. ಮಾಸ್ಟರ್ ಪಾತ್ರದಲ್ಲಿ ಭಾರತೀಯ ಮೂಲದ ಸಾಶಾ ಧವನ್. 2013ರಲ್ಲಿ ಸರಣಿಯ ಹುಟ್ಟಿನ ಬಗ್ಗೆ ಬಂದ ಟಿವಿ ಚಿತ್ರದಲ್ಲಿ ಯುವಕ ವಾರಿಸ್ ಹುಸೇನ್ ಆಗಿ ನಟಿಸಿದ್ದವರು ಇವರೇ. ಅಭಿನಯದಲ್ಲಿ ಬೆಂಕಿಯಿತ್ತು. ಆದರೆ ಎರಡನೆಯ ಭಾಗದಲ್ಲಿ ಮಾಸ್ಟರ್ ನಾಜಿ ಅಧಿಕಾರಿಯಾಗಿ ಪ್ಯಾರಿಸಿನಲ್ಲಿದ್ದಾನೆ. ಯಂತ್ರವೊಂದರ ಮಾಯೆಯಿಂದ ನಾಜಿಗಳ ಕಣ್ಣಿಗೆ ಅವನ ಬಣ್ಣ ಕಾಣುತ್ತಿಲ್ಲ. ಡಾಕ್ಟರ್ ಆ ಮಾಯೆಯನ್ನು ಕಿತ್ತು, ಅವನನ್ನು ನಾಜಿಗಳ ಕೈಗೆ ಒಪ್ಪಿಸಿ ಹೋಗುತ್ತಾಳೆ. ಕಂದುಬಣ್ಣದವನೊಬ್ಬನನ್ನು ಬಣ್ಣದ ಕಾರಣಕ್ಕೆ ಕೊಲ್ಲುವವರಿಗೆ ಹಿಡಿದುಕೊಡುವುದು ಗೆಲುವಿನ ಚಮತ್ಕಾರವಾಗಿ ಬಂದದ್ದು ಹಲವು ನೋಡುಗರಿಗೆ ಸಹಿಸಲಿಲ್ಲ. ನನಗೂ ಸಹಿಸಲಿಲ್ಲ. ಇಲ್ಲಿ ದೂರು ಧವನ್ ಮೇಲಲ್ಲ. ಅವರನ್ನು ಆಯ್ಕೆ ಮಾಡಿದ ಮೇಲೆ ಆ ಮುಖದ ಜೊತೆಗೆ ಬರುವ ಚರಿತ್ರೆಯನ್ನು ಕತೆ ಬರೆದವರು ಯೋಚಿಸಲಿಲ್ಲ ಎಂಬುದೇ ದೂರು. ‘ಇವನನ್ನು ನಂಬಲಾರೆ’ ಎನ್ನುವುದು ಒಂದು. ‘ಇವನನ್ನು ಇಟ್ಟುಕೊಂಡು ನೀವು ಹೇಳಿದ ಕತೆಯನ್ನು ನಂಬಲಾರೆ’ ಎನ್ನುವುದು ಇನ್ನೊಂದು. ಮೊದಲನೆಯದು ಬಾಗಿಲು ಮುಚ್ಚುತ್ತದೆ. ಎರಡನೆಯದು ಒಳಗೆ ಬಂದವನಿಗೆ ಕುರ್ಚಿ ಕೇಳುತ್ತದೆ. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇ ಈ ಕಾಲದ ಚರ್ಚೆಗಳ ದೊಡ್ಡ ನಷ್ಟ.

ರಸಲ್ ಟಿ. ಡೇವಿಸ್ 2023ರಲ್ಲಿ ಮರಳಿ ಬಂದರು. ಭಾಗಶಃ ಭಾರತೀಯ ಮೂಲದ ನಥಾನಿಯಲ್ ಕರ್ಟಿಸ್ ಒಂದು ಸಣ್ಣ ದೃಶ್ಯದಲ್ಲಿ ಐಸಾಕ್ ನ್ಯೂಟನ್ ಆದಾಗ ಇತಿಹಾಸಕ್ಕೆ ಅಪಚಾರವಾಯಿತೆಂಬ ಕೂಗೆದ್ದಿತು. ಕುಬ್ಲಾಯ್ ಖಾನನ ನೆನಪು ಯಾರಿಗೂ ಆಗಲಿಲ್ಲ. ಅದಾದ ಮೇಲೆ ರುವಾಂಡಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಶೂಟಿ ಗಾಟ್ವಾ ಡಾಕ್ಟರಾದರು. 2024ರ ಜೂನ್ 1ರ ‘ಡಾಟ್ ಅಂಡ್ ಬಬಲ್’ ಕಂತಿನಲ್ಲಿ ಶ್ರೀಮಂತ ಯುವಕ ಯುವತಿಯರ ಒಂದು ನಗರವಿದೆ. ರಾಕ್ಷಸ ಹುಳುಗಳು ಅವರನ್ನು ತಿನ್ನುತ್ತಿವೆ. ಡಾಕ್ಟರ್ ಬಂದು ಪಾರುಮಾಡುತ್ತೇನೆ ಎಂದು ಅಂಗಲಾಚುತ್ತಾನೆ. ಅವರು ಅವನೊಂದಿಗೆ ಹೋಗಲು ಒಪ್ಪುವುದಿಲ್ಲ. ಅವನು ತಮ್ಮಂಥವನಲ್ಲ ಎಂಬುದೇ ಕಾರಣ. ಆಗ ನೋಡುಗರಿಗೆ ಹೊಳೆಯುತ್ತದೆ, ಆ ನಗರದಲ್ಲಿ ಬಿಳಿಯರಲ್ಲದವರು ಒಬ್ಬರೂ ಇರಲಿಲ್ಲ. ಇದು ನೋಡುಗರಿಗೆ ಯಾವ ಹಂತದಲ್ಲಿ ಗೊತ್ತಾಗುತ್ತದೆ ಎಂಬುದು ಡೇವಿಸ್ ಅವರಿಗೇ ಕುತೂಹಲವಾಗಿತ್ತು. ಬೇರೆ ಬಣ್ಣದ ಒಬ್ಬ ಬಂದರೆ ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ, ಒಬ್ಬರೂ ಇಲ್ಲದಿರುವುದು ನಲವತ್ತು ನಿಮಿಷವಾದರೂ ಕಾಣುವುದಿಲ್ಲ. ನಂಬಿಕೆಯ ಪ್ರಶ್ನೆಯನ್ನು ನೋಡುಗರ ಕಡೆಗೇ ತಿರುಗಿಸಿದ ಕಂತು ಅದು.

2025ರ ಸರಣಿ ನಮಗೆ ಇನ್ನೂ ಹತ್ತಿರದ್ದು. ಜೊತೆಗಾತಿ ಬೆಲಿಂಡಾ ಚಂದ್ರ, ಲಂಡನ್ನಿನ ಆಸ್ಪತ್ರೆಯ ನರ್ಸ್. ಪಾತ್ರ ಮಾಡಿದವರು ಕೇರಳದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ವರದಾ ಸೇತು. ಅಪ್ಪಣೆ ಕೇಳದೆ ನನ್ನ ಪರೀಕ್ಷೆ ಮಾಡಬೇಡ ಎಂದು ಡಾಕ್ಟರನ್ನೇ ಗದರುವ, ಮನೆಗೆ ಹೋಗಬೇಕು, ನನಗೆ ಕೆಲಸವಿದೆ ಎನ್ನುವ ಹೆಣ್ಣು. ಎಷ್ಟೋ ಆಸ್ಪತ್ರೆಗಳ ಕಾರಿಡಾರಿನಲ್ಲಿ ನಾನು ಅವಳನ್ನು ಕಂಡಿದ್ದೇನೆ. ಕೊನೆಗೆ ಬಂದಳು ‘ದ ರಾಣಿ’. 1985ರಲ್ಲಿ ಈ ಖಳ ವಿಜ್ಞಾನಿಯನ್ನು ಸೃಷ್ಟಿಸಿದವರು, ಹದಿನಾರರ ಚಿಬ್ನಲ್‌ನಿಂದ ಬೈಸಿಕೊಂಡ ಆ ಬೇಕರ್ ದಂಪತಿಯೇ. ಹೆಸರು ನಮ್ಮದು, ಪಾತ್ರಧಾರಿ ಕೇಟ್ ಓಮಾರಾ ಇಂಗ್ಲಿಷ್ ನಟಿ. ನಲವತ್ತು ವರ್ಷಗಳ ನಂತರ ಆರ್ಚಿ ಪಂಜಾಬಿ ರಾಣಿಯಾದಾಗ ಹೆಸರಿಗೆ ತಕ್ಕ ಮುಖ ಸಿಕ್ಕಿತು. ಅವಳೊಂದಿಗೆ ಅನಿತಾ ಡಾಬ್ಸನ್ ಎಂಬ ಬಿಳಿಯ ರಾಣಿಯೂ ಇದ್ದಳು. ಒಬ್ಬಳು ‘ದ ರಾಣಿ’, ಇನ್ನೊಬ್ಬಳು ‘ಎ ರಾಣಿ’ ಎಂಬ ತಮಾಷೆ ಕನ್ನಡದಲ್ಲಿ ಹೇಳಲು ಬಾರದು, ನಮ್ಮಲ್ಲಿ ರಾಣಿಯರೆಲ್ಲ ಸಮಾನರು.

ಆದರೆ ಮೇ 31ರ ಕೊನೆಯ ಕಂತಿನಲ್ಲಿ ಪಂಜಾಬಿಯ ರಾಣಿಯನ್ನು ಬಹಳ ಬೇಗ ಒಂದು ರಾಕ್ಷಸನ ಬಾಯಿಗೆ ಹಾಕಿಬಿಟ್ಟರು. ಬೆಲಿಂಡಾಳ ಬದುಕನ್ನೇ ತಿದ್ದಿ, ಅವಳು ಇಷ್ಟು ದಿನ ಮನೆಗೆ ಹೋಗಬೇಕೆಂದು ಹಂಬಲಿಸಿದ್ದು ಒಂದು ಮಗುವಿಗಾಗಿ ಎಂದು ಮಾಡಿದರು. ಮಗು ಬೇಕೆಂದು ಅವಳು ಎಂದೂ ಹೇಳಿರಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ. ಅಪ್ಪಣೆಯ ಮಾತಿನಿಂದ ಶುರುವಾದ ಪಾತ್ರ ಅಪ್ಪಣೆಯಿಲ್ಲದೆ ಬದಲಾಯಿತು. ಹಲವು ನೋಡುಗರು ಸಿಟ್ಟಾದರು. ಈ ಸಿಟ್ಟು 2017ರ ಸಿಟ್ಟಿನಂಥದ್ದಲ್ಲ. ಇದು ಬೆಲಿಂಡಾಳನ್ನು ನಂಬಿದವರ ಸಿಟ್ಟು. ಅವಳ ಪರವಾಗಿ, ಅವಳ ಕತೆ ಬರೆದವರ ವಿರುದ್ಧ. ಒಂದು ಕಂದುಬಣ್ಣದ ಹೆಣ್ಣಿನ ಪಾತ್ರ ಬ್ರಿಟನ್ನಿನ ನೋಡುಗರಿಂದ ಇಂಥ ವಕಾಲತ್ತು ಪಡೆಯುವಷ್ಟು ಆಪ್ತವಾಯಿತಲ್ಲ, ಅದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ.

ಅದೇ ಕಂತಿನ ಕೊನೆಯಲ್ಲಿ ಗಾಟ್ವಾ ಮರೆಯಾಗಿ, ಇಪ್ಪತ್ತು ವರ್ಷದ ಹಿಂದೆ ಪಾಪ್ ಗಾಯಕಿಯೆಂದು ಮೂಗು ಮುರಿಸಿಕೊಂಡಿದ್ದ ಬಿಲ್ಲಿ ಪೈಪರ್ ಮುಖ ಮೂಡಿತು. ಜಗಳ ಮತ್ತೆ ಶುರು. ನಡೆಯಲಿ. ಈ ಸರಣಿಯ ನೋಡುಗರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅರವತ್ತರ ದಶಕದ ಹಲವಾರು ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತು. ಹುಸೇನರ ಮಾರ್ಕೋ ಪೋಲೋದ ಏಳು ಕಂತುಗಳಲ್ಲಿ ಒಂದರ ಚಿತ್ರವೂ ಉಳಿದಿಲ್ಲ. ಆದರೆ ಕಳೆದುಹೋದ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಆಗ ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಹಿಡಿದು ಕೂತ ಅಭಿಮಾನಿಗಳಿಂದ. ಸಂಸ್ಥೆ ಎಸೆದದ್ದನ್ನು ನೋಡುಗರು ಕಾಪಾಡಿದರು. ಹಾಗಾಗಿ ಇದು ತಮ್ಮದು ಎಂದು ಅವರು ಹಟ ಹಿಡಿದರೆ ಅದಕ್ಕೆ ನ್ಯಾಯವಿದೆ. ಆ ‘ತಮ್ಮದು’ ಎಂಬ ಮಾತಿನೊಳಗೆ ಈಗ ಯಾರು ಯಾರು ಸೇರಿದ್ದಾರೆ ಎಂಬುದಷ್ಟೇ ಬದಲಾಗಿದೆ. ಲಖನೌದ ಹುಡುಗನೊಬ್ಬ ಮೊದಲ ಕಂತನ್ನು ನಿರ್ದೇಶಿಸಿದ ಕತೆಯ ಬಗ್ಗೆ ಬೆಲಿಂಡಾಳ ಪರವಾಗಿ ವಾದಿಸುವಾಗ, ಇದು ನಮ್ಮದು ಎಂದು ಹೇಳಲು ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.